ದೀಪದ ಹಾಜರಿ

ಹೊಸದುರ್ಗದ ನಮ್ಮ ಹೈಸ್ಕೂಲಿನಲ್ಲಿ ಎರಡು ಹಾಜರಿ ಪುಸ್ತಕಗಳಿದ್ದವು. ಒಂದು ಎಲ್ಲ ಶಾಲೆಗಳಲ್ಲೂ ಇರುವಂಥದ್ದು. ಹತ್ತೂವರೆಗೆ ಹೆಸರು ಕೂಗಿ ಗುರುತು ಹಾಕುವುದು. ಇನ್ನೊಂದಕ್ಕೆ ಕೆಂಪು ಬಟ್ಟೆಯ ರಟ್ಟು ಇತ್ತು. ಅದನ್ನು ತರಗತಿಯಲ್ಲಿ ಯಾರೂ ತೆರೆಯುತ್ತಿರಲಿಲ್ಲ. ಅದು ತೆರೆದುಕೊಳ್ಳುತ್ತಿದ್ದುದು ನಸುಕಿನ ನಾಲ್ಕು ಗಂಟೆಗೆ, ಊರಿನ ಬೀದಿಗಳಲ್ಲಿ.

ಸಂಕ್ರಾಂತಿಯ ಮರುದಿನದಿಂದ ಪರೀಕ್ಷೆ ಮುಗಿಯುವವರೆಗೆ ಎಸ್ಸೆಸ್ಸೆಲ್ಸಿಯ ಪ್ರತಿಯೊಬ್ಬರ ಮನೆಯಲ್ಲೂ ಬೀದಿ ಕಡೆಯ ಕಿಟಕಿಯಲ್ಲಿ ಆ ಹೊತ್ತಿಗೆ ದೀಪ ಉರಿಯಬೇಕು. ಮುಖ್ಯೋಪಾಧ್ಯಾಯರು ಸೈಕಲ್ಲಿನಲ್ಲಿ ಬಂದು ಕಿಟಕಿಯ ಮುಂದೆ ಸೀಟಿ ಊದುವರು. ಒಳಗಿನಿಂದ ಪಾಠದ ಒಂದು ವಾಕ್ಯ ಗಟ್ಟಿಯಾಗಿ ಕೇಳಿಸಬೇಕು. ಕೇಳಿಸಿದರೆ, ಹಿಂದೆ ಬರುತ್ತಿದ್ದ ಜವಾನ ಟಾರ್ಚಿನ ಬೆಳಕಿನಲ್ಲಿ ಹೆಸರಿನ ಮುಂದೆ ಗುರುತು ಹಾಕುವನು, ಕೇಳಿಸದಿದ್ದರೆ ಸೊನ್ನೆ. ಏಳು ಸೊನ್ನೆಯಾದರೆ ಹಾಲ್ ಟಿಕೆಟ್ ತಡೆಹಿಡಿಯಲಾಗುವುದೆಂದು ಸೂಚನಾ ಫಲಕದಲ್ಲಿ ಬರೆದಿತ್ತು. ಊರಿನವರಿಗೆ ಈ ವ್ಯವಸ್ಥೆಯ ಬಗ್ಗೆ ಬಹಳ ಹೆಮ್ಮೆ. ತಾವೂ ನಿದ್ದೆಗೆಟ್ಟು, ಮಾಘದ ಚಳಿಯಲ್ಲಿ ಕಿವಿಗೆ ಮಫ್ಲರ್ ಸುತ್ತಿಕೊಂಡು ಸುತ್ತುವ ಇಂಥ ಮೇಷ್ಟ್ರು ಯಾವ ಊರಿಗೆ ಸಿಕ್ಕಾರು ಎನ್ನುತ್ತಿದ್ದರು. ಅವರು ಕ್ರೂರಿಯಾಗಿರಲಿಲ್ಲ ಎಂಬುದನ್ನು ನಾನು ಮೊದಲಿಗೇ ಬರೆದುಬಿಡಬೇಕು. ಕ್ರೂರಿಯಾಗಿದ್ದರೆ ಅವರನ್ನು ಪ್ರಶ್ನಿಸುವುದು ನಮಗೆ ಸುಲಭವಾಗುತ್ತಿತ್ತು.

ನಮ್ಮ ಮನೆಯಲ್ಲಿ ನಿದ್ದೆಯ ಬಗ್ಗೆ ಬೇರೆಯೇ ಒಂದು ಶಿಸ್ತಿತ್ತು. ಅಪ್ಪ ಖಾಸಗಿ ಬಸ್ಸಿನ ಡ್ರೈವರ್. ಹೊಳಲ್ಕೆರೆಯ ಮೇಲೆ ಚಿತ್ರದುರ್ಗಕ್ಕೆ ಹೋಗುವ ಬೆಳಗಿನ ಮೊದಲ ಬಸ್ಸು ಅವನದು. ಅದಕ್ಕೂ ಮೊದಲು ಲಾರಿ ಓಡಿಸುತ್ತಿದ್ದಾಗ, ಎರಡು ರಾತ್ರಿ ನಿದ್ದೆಯಿಲ್ಲದೆ ಐಮಂಗಲದ ಬಳಿ ಹೆದ್ದಾರಿಯಲ್ಲಿ ಒಂದು ಗಳಿಗೆ ಕಣ್ಣು ಮುಚ್ಚಿದ್ದನಂತೆ. ಕಣ್ಣು ಬಿಟ್ಟಾಗ ಲಾರಿ ಶೇಂಗಾದ ಹೊಲದ ನಡುವೆ ನಿಂತಿತ್ತು. ಯಾರಿಗೂ ಏನೂ ಆಗಲಿಲ್ಲ. ಆದರೆ ಅಂದಿನಿಂದ ಅಪ್ಪ ರಾತ್ರಿ ಎಂಟಕ್ಕೆ ಮಲಗಿದನೆಂದರೆ ನಮ್ಮ ಮನೆಯಲ್ಲಿ ಪಾತ್ರೆ ಸದ್ದು ಮಾಡುವಂತಿರಲಿಲ್ಲ. ಅಕ್ಷರ ಬಾರದ ನನ್ನ ಅವ್ವ, ಕೆಲಸ ಮಾಡುವವರ ನಿದ್ದೆಯೂ ಕೆಲಸದ ಒಂದು ಭಾಗ ಎಂದು ತಿಳಿದಿದ್ದಳು. ಓದುವುದು ಕೂಡ ಅವಳ ಕಣ್ಣಿಗೆ ಕೆಲಸವೇ.

ನಾನು ಶಾಲೆಯಿಂದ ಸೀಟಿಯ ಸುದ್ದಿ ತಂದ ದಿನ ಅವಳು ಕೇಳಿದಳು: “ನಾಕು ಗಂಟೆಗೆ ಎದ್ದು ಅದೇನ್ ಓದ್ತೀಯ?”

“ಎಲ್ಲಾರೂ ಓದ್ತಾರಲ್ಲವ್ವ.”

“ಎಲ್ಲಾರೂ ದೀಪದ ಮುಂದೆ ಕುಂತ್ಕಂಡು ತೂಕಡಿಸ್ತಾರೆ. ನಿಮ್ಮಪ್ಪ ಹಂಗೆ ತೂಕಡಿಸಿದ್ರೆ ಬಸ್ನಾಗಿರೋರ ಗತಿ ಏನು? ನೀನು ಮಲಿಕ್ಕ. ಹೆಂಗೂ ಅವ್ರಿಗೆ ರೊಟ್ಟಿ ಬಡಿಯಾಕೆ ನಾನು ಎದ್ದಿರ್ತೀನಿ, ದೀಪ ನಾನೇ ಹಚ್ತೀನಿ.”

“ಓದೋದು ಕೇಳಿಸ್ಬೇಕಂತೆ.”

ಅವ್ವ ಸ್ವಲ್ಪ ಯೋಚಿಸಿದಳು. “ಅದೇನೋ ಮೂರು ಮೂಲೇದು ದಿನಾ ಗೊಣಗ್ತಿರ್ತೀಯಲ್ಲ, ಅದನ್ನ ಹೇಳ್ಕೊಡು ನಂಗೆ.”

ತ್ರಿಭುಜದ ಮೂರು ಕೋನಗಳ ಮೊತ್ತ ಎರಡು ಲಂಬಕೋನಗಳಿಗೆ ಸಮ. ಈ ಒಂದು ವಾಕ್ಯವನ್ನು ಅವ್ವ ಒಂದು ಸಂಜೆಯಲ್ಲಿ ಬಾಯಿಪಾಠ ಮಾಡಿದಳು. ಮರುದಿನದಿಂದ, ಸೀಟಿ ಕೇಳಿದೊಡನೆ ಹಿಟ್ಟಿನ ಕೈಯಲ್ಲೇ ಕಿಟಕಿಯ ಮರೆಗೆ ಬಂದು, ಸೆರಗಿನಿಂದ ಬಾಯಿ ಮುಚ್ಚಿ, ದನಿ ಸಣ್ಣಗೆ ಮಾಡಿ ಅದನ್ನು ಒಪ್ಪಿಸುತ್ತಿದ್ದಳು. ನಾನು ಒಂಬತ್ತರಿಂದ ಆರರವರೆಗೆ ನಿದ್ದೆ ಮಾಡುತ್ತಿದ್ದೆ. ಸಂಕ್ರಾಂತಿಯಿಂದ ಪರೀಕ್ಷೆಯವರೆಗೆ ನನ್ನ ಹೆಸರಿನ ಮುಂದೆ ಒಂದು ಸೊನ್ನೆಯೂ ಬೀಳಲಿಲ್ಲ. ಅಷ್ಟು ದಿನ ಒಂದೇ ಪ್ರಮೇಯ ಓದುವ ಹುಡುಗಿಯ ಬಗ್ಗೆ ಮುಖ್ಯೋಪಾಧ್ಯಾಯರಿಗೆ ಅನುಮಾನವೂ ಬರಲಿಲ್ಲ. ಅವರು ಕೇಳಿಸಿಕೊಳ್ಳುತ್ತಿದ್ದುದು ದನಿಯನ್ನು ಮಾತ್ರ.

ನನ್ನ ಬೆಂಚಿನಲ್ಲಿ ಕೂರುತ್ತಿದ್ದ ಗೆಳತಿಯದು ನಿಜವಾದ ದೀಪ. ಅವಳು ಮತ್ತೋಡಿನವಳು. ದಿನವೂ ಅಲ್ಲಿಂದ ಬಂದು ಹೋಗಲಾಗದೆ, ಬಸ್ ಸ್ಟ್ಯಾಂಡಿನ ಹತ್ತಿರ ಇಡ್ಲಿ ಹೋಟೆಲ್ ಇಟ್ಟಿದ್ದ ಸೋದರತ್ತೆಯ ಮನೆಯಲ್ಲಿದ್ದಳು. ಅನ್ನಕ್ಕೆ ಪ್ರತಿಯಾಗಿ ಮರುದಿನದ ಇಡ್ಲಿಗೆ ರಾತ್ರಿ ಹಿಟ್ಟು ರುಬ್ಬುವುದು ಅವಳ ಪಾಲಿನ ಕೆಲಸ. ಗಿರಾಕಿಗಳೆಲ್ಲ ಹೋದ ಮೇಲೆ ಒರಳಿನ ಮುಂದೆ ಕುಳಿತರೆ ಏಳುವಾಗ ಹನ್ನೊಂದು. ಮೂರೂವರೆಗೆ ಅತ್ತೆ ಒಲೆ ಹಚ್ಚಲು ಎದ್ದು ಅವಳನ್ನೂ ಎಬ್ಬಿಸುತ್ತಿದ್ದಳು, ಸೀಟಿ ತಪ್ಪಬಾರದೆಂಬ ಕಾಳಜಿಯಿಂದಲೇ. ಅವ್ವನ ಉಪಾಯವನ್ನು ನಾನು ಅವಳಿಗೆ ಹೇಳಿದಾಗ ಅವಳು ನಕ್ಕುಬಿಟ್ಟಿದ್ದಳು: “ನಿಮ್ಮವ್ವನ್ನ ನಮ್ಮ ಕಿಟಕಿಗೂ ಒಂದು ಗಳಿಗೆ ಕಳ್ಸೇ, ಪುಣ್ಯ ಬರ್ತೈತೆ.” ಅದನ್ನು ಅವಳು ಯಾರ ಬಳಿಯೂ ಬಾಯಿ ಬಿಡಲಿಲ್ಲ.

ಸಂಕ್ರಾಂತಿಯವರೆಗೆ ಗಣಿತದಲ್ಲಿ ನನ್ನನ್ನು ಎಳೆದುಕೊಂಡು ಹೋಗುತ್ತಿದ್ದವಳು ಅವಳೇ. ನಾನು ಎರಡು ಹಾಳೆ ತುಂಬಿಸಿ ಬಿಡಿಸುತ್ತಿದ್ದ ಸಮೀಕರಣವನ್ನು ಅವಳು ನಾಲ್ಕು ಸಾಲಿನಲ್ಲಿ ಮುಗಿಸುತ್ತಿದ್ದಳು. ಶಿವರಾತ್ರಿಯ ಹೊತ್ತಿಗೆ ಅವಳ ಸೀಸದ ಕಡ್ಡಿ ಲೆಕ್ಕದ ನಡುವೆ ನಿಲ್ಲತೊಡಗಿತು. ಎರಡನೆಯ ಸಾಲಿನಲ್ಲಿ ಬರೆದಿದ್ದ ಸಂಖ್ಯೆ ಮೂರನೆಯ ಸಾಲಿಗೆ ಬರುವಾಗ ಬೇರೆಯಾಗುತ್ತಿತ್ತು. “ಗೊತ್ತೈತೆ ಕಣೆ, ಗೊತ್ತೈತೆ, ಆದ್ರೆ ಕೈಗೆ ಬರ್ತಿಲ್ಲ,” ಎನ್ನುತ್ತಿದ್ದಳು. ಒಮ್ಮೆ ತರಗತಿಯಲ್ಲಿ ತೂಕಡಿಸಿದ್ದಕ್ಕೆ ಗಣಿತದ ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸಿದರು. ಅವಳು ನಿಂತಲ್ಲೇ ಓಲಾಡತೊಡಗಿದಳು. “ಇಡ್ಲಿ ಹಿಟ್ಟು ಉಬ್ತಾ ಐತೆ ಸಾರ್, ಮುಟ್ಬೇಡ್ರಿ!” ಎಂದು ಹುಡುಗರ ಸಾಲಿನಿಂದ ಯಾರೋ ಕೂಗಿದರು. ತರಗತಿಯೆಲ್ಲ ನಕ್ಕಿತು, ನಾನೂ ತಲೆ ತಗ್ಗಿಸಿ ನಕ್ಕೆ. ಅವಳು ಬೀಳುವ ಮೊದಲು ಅವಳ ಲಂಗ ಹಿಡಿದು ಕೂರಿಸಿದ್ದೂ ನಾನೇ. ಅದರಿಂದ ಆ ನಗೆ ಮನ್ನಾ ಆಗುವುದಿಲ್ಲ.

ಗಣಿತದ ಪರೀಕ್ಷೆಯ ದಿನ ಅವಳು ನನಗಿಂತ ಎರಡು ಬೆಂಚು ಮುಂದಿದ್ದಳು. ಮೊದಲ ಅರ್ಧ ಗಂಟೆ ಅವಳ ಬೆನ್ನು ನೆಟ್ಟಗಿತ್ತು. ಆಮೇಲೆ ನಿಧಾನವಾಗಿ ಬಾಗಿತು. ತಲೆ ಮೊಣಕೈಗೆ ತಾಗಿತು. ಬೇರೆ ಊರಿನಿಂದ ಬಂದಿದ್ದ ಮೇಲ್ವಿಚಾರಕರು ಯೋಚಿಸುತ್ತಿದ್ದಾಳೆಂದು ತಿಳಿದು ಪಕ್ಕದಲ್ಲೇ ಎರಡು ಸಲ ಹಾದುಹೋದರು. ನಾನು ಸ್ಕೇಲನ್ನಾದರೂ ನೆಲಕ್ಕೆ ಬೀಳಿಸಬಹುದಾಗಿತ್ತು. ನನ್ನ ಪೆನ್ನು ಓಡುತ್ತಿತ್ತು, ನಾನು ಅದನ್ನು ನಿಲ್ಲಿಸಲಿಲ್ಲ. ಕೊನೆಯ ಗಂಟೆ ಬಾರಿಸುವುದಕ್ಕೆ ಸ್ವಲ್ಪ ಮೊದಲು ಅವಳು ಬೆಚ್ಚಿ ಎದ್ದಳು. ಹೊರಗೆ ಬಂದು ಅವಳು ಯಾವ ಪ್ರಶ್ನೆಯ ಉತ್ತರವನ್ನೂ ಕೇಳಲಿಲ್ಲ.

“ಎಷ್ಟೊತ್ತು ಮಲಗಿದ್ದೆ ನಾನು?” ಎಂದಷ್ಟೇ ಕೇಳಿದಳು.

ಗಣಿತವೊಂದರಲ್ಲೇ ಅವಳು ನಪಾಸಾದಳು. ನನಗೆ ಪ್ರಥಮ ದರ್ಜೆ ಬಂತು. ಶಾಲೆ ತೆರೆದಾಗ ಮುಖ್ಯೋಪಾಧ್ಯಾಯರು ನನ್ನನ್ನು ಪ್ರಾರ್ಥನೆಯ ಅಂಗಳಕ್ಕೆ ಕರೆಸಿ, ಒಂದು ದಿನವೂ ದೀಪ ತಪ್ಪಿಸದ ಹುಡುಗಿಯೆಂದು ಎಲ್ಲರ ಮುಂದೆ ನಿಲ್ಲಿಸಿದರು. ಒಂದು ಅಲಾರಂ ಗಡಿಯಾರವನ್ನು ಬಹುಮಾನವಾಗಿ ಕೊಟ್ಟರು. ಚಪ್ಪಾಳೆಯಾಯಿತು. ನಾನು ಎರಡೂ ಕೈಗಳಿಂದ ಗಡಿಯಾರ ತೆಗೆದುಕೊಂಡು ನಮಸ್ಕರಿಸಿದೆ. ಅದೇ ವಾರ ಗೆಳತಿಯ ನಡತೆ ಪತ್ರದಲ್ಲಿ ಅವರು ಬರೆದ ಮಾತು: “ನಿದ್ರಾಳು, ಅಭ್ಯಾಸದಲ್ಲಿ ಅಲಕ್ಷ್ಯ.” ದೀಪ ಹಚ್ಚಿ ಎದ್ದು ಕುಳಿತವಳು ನಿದ್ರಾಳು, ಮಲಗಿ ನಿದ್ದೆ ಮಾಡಿದವಳು ಆದರ್ಶ. ಅವಳು ಮತ್ತೊಮ್ಮೆ ಪರೀಕ್ಷೆ ಕಟ್ಟಿದಳು. ಹಾಗೆಯೇ ರುಬ್ಬುತ್ತ, ಹಾಗೆಯೇ ಎದ್ದು ಕಟ್ಟಿದಳು. ಮತ್ತೆ ಹೋಯಿತು.

ನಾನು ಕಾಲೇಜಿಗೂ ವಿಶ್ವವಿದ್ಯಾನಿಲಯಕ್ಕೂ ಹೋಗಿ ಬಂದೆ. ಸಭೆಗಳಲ್ಲಿ ಅನ್ಯಾಯದ ಬಗ್ಗೆ ಮಾತನಾಡಿದೆ, ಪತ್ರಿಕೆಗಳಿಗೆ ಬರೆದೆ, ಅಧಿಕಾರದಲ್ಲಿರುವವರು ಉತ್ತರ ಹೇಳಬೇಕೆಂದು ಒತ್ತಾಯಿಸುವ ಮನವಿಗಳಿಗೆ ಸಹಿ ಹಾಕಿದೆ. ಆ ಗಡಿಯಾರ ಮಾತ್ರ ನನ್ನ ಟ್ರಂಕಿನ ತಳದಲ್ಲಿತ್ತು. ಎಂ.ಎ. ಮುಗಿಸಿ ಊರಿಗೆ ಬಂದ ಕಾರ್ತಿಕದಲ್ಲಿ ಗೆಳತಿ ನನ್ನನ್ನು ಹುಡುಕಿಕೊಂಡು ಬಂದಳು. ಜಿಲ್ಲಾ ಕೇಂದ್ರದಲ್ಲಿ ದಾದಿಯರ ತರಬೇತಿಗೆ ಅರ್ಜಿ ಕರೆಯುತ್ತಾರೆ, ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು, ವಯಸ್ಸಿನ ಮಿತಿಗೆ ಅವಳಿಗೆ ಉಳಿದಿರುವುದು ಇದೊಂದೇ ವರ್ಷ. ಈ ಸಲದ ಪರೀಕ್ಷೆಯಲ್ಲಿ ಗಣಿತ ದಾಟಿದರೆ ದಾದಿ. ದಾಟದಿದ್ದರೆ ಕೊನೆಯವರೆಗೂ ಅತ್ತೆಯ ಒರಳು. ಖಾಸಗಿಯಾಗಿ ಪರೀಕ್ಷೆ ಕಟ್ಟುವ ಅರ್ಜಿಗೆ ಓದಿದ ಶಾಲೆಯ ಮುಖ್ಯೋಪಾಧ್ಯಾಯರ ಸಹಿ ಬೇಕಾಗಿತ್ತು. ಆಡಳಿತ ಮಂಡಳಿಯ ಶಾಲೆಯಾದ್ದರಿಂದ ಅವರು ವರ್ಗವಾಗಿರಲಿಲ್ಲ. ಟ್ರಂಕಿನ ಗಡಿಯಾರವನ್ನು ಚೀಲಕ್ಕೆ ಹಾಕಿಕೊಂಡು ನಾನೂ ಅವಳ ಜೊತೆ ಅವರ ಕೋಣೆಗೆ ಹೋದೆ.

“ಬಾರಮ್ಮ, ಬಾ. ಯೂನಿವರ್ಸಿಟಿಗೆ ಹೋದ್ರೂ ಸ್ಕೂಲು ಮರ್ತಿಲ್ಲ ನೋಡು. ಕುಂತ್ಕ,” ಎಂದು ಅವರು ನನಗೆ ಕುರ್ಚಿ ತೋರಿಸಿದರು. ಗೆಳತಿಯತ್ತ ನೋಡಿ, “ಇವಳ್ಯಾಕೆ ಬಂದವ್ಳೆ?” ಎಂದರು.

ಗೆಳತಿ ಅರ್ಜಿಯನ್ನು ಮೇಜಿನ ಮೇಲಿಟ್ಟಳು. “ಗಣಿತ ಒಂದೇ ಉಳಿದೈತೆ ಸಾರ್. ಸಹಿ ಬೇಕಾಗಿತ್ತು.”

“ಯಾಕೆ, ಮತ್ತೊಂದು ಸಲ ಹಾಲ್‌ನಾಗೆ ಮಲಗಾಕಾ?”

ನಾನು ಕುರ್ಚಿಯಿಂದ ಎದ್ದು ನಿಂತೆ. “ಅವಳು ಒಂದು ದಿನವೂ ದೀಪ ತಪ್ಪಿಸಲಿಲ್ಲ ಸಾರ್, ಅದಕ್ಕೇ ಹಾಲಿನಲ್ಲಿ ಮಲಗಿದಳು. ತಪ್ಪಿಸಿದವಳು ನಾನು. ಅಷ್ಟೂ ದಿನ ನಾನು ಮಲಗಿದ್ದೆ. ದೀಪ ಹಚ್ಚಿದವಳು, ನಿಮಗೆ ಓದು ಕೇಳಿಸಿದವಳು ನಮ್ಮವ್ವ.”

ಅವರು ನಕ್ಕರು. “ನಿನ್ನ ಧ್ವನಿ ನಾನೇ ಕಿವಿಯಾರ ಕೇಳಿದೀನಮ್ಮ. ದಿನಾ ರೇಖಾಗಣಿತ! ಅಂಥ ಹಟ ಯಾವ ಹುಡುಗೀಗಿತ್ತು? ಗೆಳತಿ ಮೇಲೆ ಕನಿಕರ ಇರ್ಲಿ, ಅದಕ್ಕೆ ಸುಳ್ಳು ಹೇಳ್ಬೇಡ.”

ನಾನು ಚೀಲದಿಂದ ಗಡಿಯಾರ ತೆಗೆದು ಮೇಜಿನ ಮೇಲಿಟ್ಟೆ. ಅವರು ಅದನ್ನು ಮೆಲ್ಲಗೆ ನನ್ನ ಕಡೆಗೇ ಸರಿಸಿದರು. ಬಹುಮಾನವನ್ನು ಹಿಂದಕ್ಕೆ ಪಡೆಯುವ ಪದ್ಧತಿ ಶಾಲೆಯಲ್ಲಿಲ್ಲ ಎಂದರು. ನನ್ನ ಹಟಕ್ಕೋ, ಯೂನಿವರ್ಸಿಟಿಯ ಮರ್ಯಾದೆಗೋ ಅರ್ಜಿಗೆ ಸಹಿ ಹಾಕಿದರು. ಆದರೆ ಷರತ್ತೊಂದನ್ನು ವಿಧಿಸಿದರು. ಅವರ ಸಹಿಯಿಂದ ಪರೀಕ್ಷೆಗೆ ಕೂರುವವಳಾದ್ದರಿಂದ ಅವಳಿಗೂ ದೀಪದ ಹಾಜರಿ ಕಡ್ಡಾಯ. ಹಾಲ್ ಟಿಕೆಟ್ ಬರುವುದು ಶಾಲೆಗೆ. ಏಳು ಸೊನ್ನೆಯಾದರೆ ಅದು ಅಲ್ಲೇ ಉಳಿಯುತ್ತದೆ.

ರಸ್ತೆಗೆ ಬಂದ ಮೇಲೂ ನಾನು ಕುದಿಯುತ್ತಿದ್ದೆ. ಇದನ್ನು ಪತ್ರಿಕೆಗೆ ಬರೆಯುತ್ತೇನೆ, ಬಯಲಿಗೆಳೆಯುತ್ತೇನೆ ಎಂದೆಲ್ಲ ಹೇಳುತ್ತಿದ್ದೆ.

“ಲೇ, ನಿನ್ನ ಭಾಷಣ ಆಮೇಲೆ ಮಾಡ್ಕ,” ಎಂದಳು ಗೆಳತಿ. “ನಾನು ರುಬ್ಬಿ ಮಲಗೋದು ಹನ್ನೊಂದಕ್ಕೆ. ಸೀಟಿ ನಾಕಕ್ಕೆ. ಮತ್ತೆ ಅದೇ ಆಗ್ತೈತೆ. ಅದಕ್ಕೇನ್ ಮಾಡ್ತೀಯ ಹೇಳು.”

ಸಭೆಗಳಲ್ಲಿ ಯಾರೂ ನನ್ನನ್ನು ಇಷ್ಟು ನೇರವಾಗಿ ಕೇಳಿರಲಿಲ್ಲ.

“ನಾನು ರುಬ್ತೀನಿ,” ಎಂದೆ.

ಅವಳು ರಸ್ತೆಯ ನಡುವೆ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕಳು. “ಎಂಎ ಮಾಡ್ದೋಳು ರುಬ್ಬಿದ ಇಡ್ಲಿ! ನಮ್ಮತ್ತೆ ರೇಟು ಏರಿಸಿಬಿಡ್ತಾಳೆ!”

ಅತ್ತೆ ರೇಟು ಏರಿಸಲಿಲ್ಲ. ಮೊದಲ ದಿನದ ನನ್ನ ಹಿಟ್ಟನ್ನು ಬೆರಳಲ್ಲಿ ಮುಟ್ಟಿ, “ಇದ್ರಾಗೆ ಗೋಡೆ ಕಟ್ಟಬೌದು, ಇನ್ನೊಂದು ಸುತ್ತು ತಿರುವು,” ಎಂದಳು. ಮಧ್ಯಾಹ್ನವೇ ರುಬ್ಬಿಟ್ಟರೆ ಏನಾಗುತ್ತದೆಂದು ಕೇಳಿದೆ. ಬೆಳಗಾಗುವುದರೊಳಗೆ ಹುಳಿ ಹಿಡಿಯುತ್ತದೆ, ಗಿರಾಕಿಗಳು ಮುಖ ಸಿಂಡರಿಸುತ್ತಾರೆ ಎಂದಳು. ಅವಳ ವಾದದಲ್ಲಿ ತಪ್ಪಿರಲಿಲ್ಲ. ಹಾಗಾಗಿ ಸಂಕ್ರಾಂತಿಯಿಂದ ಗೆಳತಿ ರಾತ್ರಿಯ ಹೊತ್ತು ನಮ್ಮ ಮನೆಗೆ ಬಂದಳು, ದೀಪದ ಹಾಜರಿಗೂ ನಮ್ಮ ಮನೆಯ ವಿಳಾಸವನ್ನೇ ಬರೆಸಿದಳು, ನಾನು ಅವಳ ಒರಳಿನ ಮುಂದೆ ಕುಳಿತೆ. ಅವಳು ಅಪ್ಪ ಮಲಗಿ ಒಂದು ಗಂಟೆಯಾದ ಮೇಲೆ ಮಲಗುವಳು, ಆರಕ್ಕೆ ಎದ್ದು ಹೋಟೆಲಿನ ಬೆಳಗಿನ ಕೆಲಸ ಮುಗಿಸುವಳು, ಮಧ್ಯಾಹ್ನದಿಂದ ಸಂಜೆಯವರೆಗೆ ನಮ್ಮ ನಡುಮನೆಯಲ್ಲಿ ಕುಳಿತು ಲೆಕ್ಕ ಮಾಡುವಳು.

ಮೊದಲ ಸೀಟಿಯ ಹಿಂದಿನ ಸಂಜೆ ಅವ್ವ ಲಾಟೀನಿನ ಗಾಜು ಒರೆಸುತ್ತಿದ್ದಳು. “ಮೂರು ಮೂಲೇದು ನಂಗಿನ್ನೂ ಬಾಯಿಗೈತೆ,” ಎಂದಳು.

“ಬೇಡವ್ವ. ನಾವು ಹಂಗೆ ಮಾಡಿದ್ದಕ್ಕೇ ಆ ಸೀಟಿ ಇನ್ನೂ ಊದ್ತಾ ಇರೋದು.”

ಅವ್ವ ಗಾಜನ್ನು ಮುಗಿಸಿ, ಬತ್ತಿ ಕತ್ತರಿಸಿ, ನಿಧಾನವಾಗಿ ಹೇಳಿದಳು: “ಸುಳ್ಳು ಹೇಳ್ದೋಳು ನಾನು. ಹಂಗಾದ್ರೆ ನಾನೇ ಹೇಳ್ತೀನಿ ಬಿಡು.”

ನಸುಕಿನಲ್ಲಿ ಸೀಟಿ ಕೇಳಿಸಿತು. ನಮ್ಮ ಕಿಟಕಿ ಕತ್ತಲಾಗಿತ್ತು. ಎರಡನೆಯ ಸಲ ಸೀಟಿ ಕೇಳಿಸಿತು. ಅವ್ವ ಬಾಗಿಲು ತೆರೆದು, ಲಾಟೀನನ್ನು ತನ್ನ ಮುಖದ ಎತ್ತರಕ್ಕೆ ಹಿಡಿದು ಹೊಸ್ತಿಲ ಮೇಲೆ ನಿಂತಳು. ನಾನು ಅವಳ ಹಿಂದಿದ್ದೆ.

“ಹುಡುಗಿ ಮಲಗ್ಯಾಳೆ ಸಾರ್. ಬರ್ಕಳ್ರಿ.”

“ಏನಮ್ಮ ಹಿಂಗಂತೀರಿ?” ಮುಖ್ಯೋಪಾಧ್ಯಾಯರು ಸೈಕಲ್ಲಿನಿಂದ ಇಳಿದರು. “ನಿಮ್ಮ ಮಗಳು ಒಂದು ದಿನಾನೂ ತಪ್ಪಿಸ್ದೋಳಲ್ಲ. ಅಂಥ ಮನೇನಾಗೆ ಇದೇನಿದು?”

ಅವ್ವ ಸೆರಗನ್ನು ಬಾಯಿಗೆ ಒತ್ತಿ, ದನಿ ಸಣ್ಣಗೆ ಮಾಡಿ, ಆ ಪ್ರಮೇಯವನ್ನು ಮೊದಲಿನಿಂದ ಕೊನೆಯವರೆಗೆ ಒಪ್ಪಿಸಿದಳು. ಹಿಂದೆ ನಿಂತಿದ್ದ ಜವಾನನಿಗೆ ಬಂದ ನಗು ಕೆಮ್ಮಾಗಿ ಹೊರಬಿತ್ತು. ಅವ್ವ ಸೆರಗು ಕೆಳಗಿಳಿಸಿ ತನ್ನ ದನಿಯಲ್ಲಿ ಹೇಳಿದಳು: “ಅವತ್ತೂ ನನ್ಮಗಳು ಮಲಗಿದ್ಲು ಸಾರ್. ಓದಿದ್ದು ನಾನು. ನಂಗೆ ಅಕ್ಷರ ಬರಲ್ಲ. ತಪ್ಪು ನಂದು, ಬೇಕಾದ್ರೆ ಅದನ್ನೂ ಬರ್ಕಳ್ರಿ. ಆದ್ರೆ ಈ ಹುಡುಗೀನ ಮಾತ್ರ ಎಬ್ಸಲ್ಲ.”

ಮುಖ್ಯೋಪಾಧ್ಯಾಯರ ಮುಖ ನನಗೆ ಕಾಣಿಸುತ್ತಿರಲಿಲ್ಲ, ಅವ್ವನದು ಅವರಿಗೆ ಚೆನ್ನಾಗಿ ಕಾಣಿಸುತ್ತಿತ್ತು. ಕೊನೆಗೆ, “ಸೊನ್ನೆ ಹಾಕ್ಕಳಯ್ಯ,” ಎಂದು ಜವಾನನಿಗೆ ಹೇಳಿ ಸೈಕಲ್ ಹತ್ತಿದರು. ಒಳಗೆ ಗೆಳತಿ ಮಗ್ಗುಲು ಬದಲಾಯಿಸಿದ್ದೂ ಇಲ್ಲ.

ಏಳು ನಸುಕುಗಳಲ್ಲಿ ಏಳು ಸೊನ್ನೆಗಳಾದವು. ಎಂಟನೆಯ ದಿನ ಜವಾನ ನೋಟೀಸು ತಂದುಕೊಟ್ಟ. “ನಾನೇನ್ ಮಾಡ್ಲಿ ತಾಯಿ, ತರೋದಷ್ಟೇ ನನ್ನ ಕೆಲ್ಸ,” ಎಂದ. ಹಾಲ್ ಟಿಕೆಟ್ ಬಂದರೂ ಕೊಡಲಾಗುವುದಿಲ್ಲ ಎಂದಿತ್ತು. ಗೆಳತಿ ಅದನ್ನು ಓದಿ ಮಡಚಿದಳು. “ಎದ್ದೇ ಬಿಡ್ತೀನಿ ಕಣೆ. ನಾಕು ಗಂಟೆಗೆ ಎದ್ದು ಒಂದು ಮಾತು ಕೂಗಿ ಮಲಗಿದ್ರೆ ಆಗ್ತೈತೆ, ಮೇಷ್ಟ್ರು ಮನಸ್ಸು ಕರಗಿ ಟಿಕೆಟ್ ಕೊಟ್ಟಾರು,” ಎಂದಳು. ಕಳೆದುಕೊಳ್ಳುವವಳು ಅವಳೇ, ನನ್ನ ಹಟಕ್ಕೆ ಅವಳ ವರ್ಷವನ್ನು ಪಣವಾಗಿಡುವ ಹಕ್ಕು ನನಗಿರಲಿಲ್ಲ. ಮೂರು ದಿನದ ಅವಕಾಶ ಕೇಳಿದೆ. ಅಷ್ಟರೊಳಗೆ ಆಗದಿದ್ದರೆ ನಾನೇ ಅವಳನ್ನು ಎಬ್ಬಿಸುವುದೆಂದು ಒಪ್ಪಂದವಾಯಿತು.

ಮರುದಿನ ಅಪ್ಪನ ಬಸ್ಸಿನಲ್ಲೇ ಚಿತ್ರದುರ್ಗದ ಶಿಕ್ಷಣ ಇಲಾಖೆಯ ಕಚೇರಿಗೆ ಹೊರಟೆ. ದಾರಿಯ ಹಳ್ಳಿಯೊಂದರಲ್ಲಿ, ಬೆಳಗಿನ ವಿಶೇಷ ತರಗತಿಗೆ ಹೊರಟ ಮೂವರು ಹುಡುಗಿಯರು ಹತ್ತಿದರು. ಪುಸ್ತಕಗಳನ್ನು ಎದೆಗವಚಿಕೊಂಡು ಕೂತವರು ಬಸ್ಸು ಹೊರಡುವ ಮೊದಲೇ ಒಬ್ಬರ ಹೆಗಲಿಗೆ ಒಬ್ಬರು ತಲೆಯಿಟ್ಟು ಮಲಗಿದರು. ಹೊಳಲ್ಕೆರೆ ಬಂದಾಗ ಅಪ್ಪ ಹಾರ್ನ್ ಒತ್ತಲಿಲ್ಲ. ಎಂಜಿನ್ ನಿಲ್ಲಿಸದೆಯೇ ಸೀಟಿನಿಂದ ಹಿಂದಕ್ಕೆ ತಿರುಗಿ, “ಏಳ್ರವ್ವ, ಇಸ್ಕೂಲು ಬಂತು,” ಎಂದ. ಅವರು ಕಣ್ಣುಜ್ಜಿಕೊಂಡು ಇಳಿದು ಹೋದರು. ಅಪ್ಪ ನನಗೆ ಹೇಳಿದ: “ದಿನಾ ನಾನೇ ಎಬ್ಬಿಸ್ಬೇಕು ಇವುಕ್ಕೆ. ಇಲ್ಲೂ ಸೀಟಿ ಶುರು ಮಾಡ್ಯಾರಂತೆ. ಹಳ್ಳಿ ಹುಡುಗ್ರಿಗೆ ಆ ಊರಿನ ಮೇಷ್ಟ್ರೇ ಊದ್ತಾರಂತೆ.”

ಸೀಟಿ ಹೊಳಲ್ಕೆರೆಗೆ ಹೇಗೆ ಬಂತೆಂದು ಕಚೇರಿಯಲ್ಲಿ ಗೊತ್ತಾಯಿತು. ಗುಮಾಸ್ತರು ತೆಗೆದುಕೊಟ್ಟ ಕಡತದಲ್ಲಿ ನಮ್ಮ ಮುಖ್ಯೋಪಾಧ್ಯಾಯರ ವರದಿಯಿತ್ತು. ಸಂಕ್ರಾಂತಿಯಿಂದ ಪರೀಕ್ಷೆಯವರೆಗೆ ಒಂದು ದಿನವೂ ದೀಪ ತಪ್ಪಿಸದ ವಿದ್ಯಾರ್ಥಿನಿಯೊಬ್ಬಳು ಪ್ರಥಮ ದರ್ಜೆ ಪಡೆದು ಉನ್ನತ ಶಿಕ್ಷಣಕ್ಕೆ ಹೋದ ನಿದರ್ಶನ ಅದರಲ್ಲಿತ್ತು. ಆ ನಿದರ್ಶನವನ್ನು ನೋಡಿ ಹೊಳಲ್ಕೆರೆ, ಹಿರಿಯೂರಿನ ಕೆಲವು ಶಾಲೆಗಳೂ ಇದನ್ನು ಅನುಸರಿಸಿದ್ದವು. ನಾನು ಮಾಡಿದ ಒಳ್ಳೆಯ ನಿದ್ದೆ, ಬೇರೆ ಊರಿನ ಹುಡುಗಿಯರ ನಿದ್ದೆಯನ್ನು ಕಸಿದುಕೊಂಡಿತ್ತು.

ನಾನು ಅಲ್ಲೇ ಬಿಳಿ ಹಾಳೆ ಕೇಳಿ ಪಡೆದು ಬರೆದೆ. ವರದಿಯಲ್ಲಿರುವ ವಿದ್ಯಾರ್ಥಿನಿ ನಾನೇ. ಆ ಹಾಜರಿ ಸುಳ್ಳು. ನಾನು ಓದಿದ್ದು ಒಂಬತ್ತು ಗಂಟೆ ನಿದ್ದೆ ಮಾಡಿ. ದೀಪದ ಹಾಜರಿ ಇಲ್ಲವೆಂದು ಹಾಲ್ ಟಿಕೆಟ್ ತಡೆಹಿಡಿಯಲು ಯಾವ ನಿಯಮ ಅವಕಾಶ ಕೊಡುತ್ತದೆ ಎಂಬುದನ್ನು ಲಿಖಿತವಾಗಿ ತಿಳಿಸಬೇಕು.

ಅಧಿಕಾರಿಗಳು ಓದಿ ಕನ್ನಡಕ ತೆಗೆದರು. “ರೂಲು ಅಂತ ಯಾವುದೂ ಇಲ್ಲಮ್ಮ. ಅವರದು ಒಳ್ಳೇ ಉದ್ದೇಶ.”

“ಅವಳ ವರ್ಷ ಹೋದರೆ ಆ ಒಳ್ಳೆಯ ಉದ್ದೇಶದ ಪರವಾಗಿ ಉತ್ತರ ಹೇಳುವವರು ಯಾರು ಸಾರ್? ಅವರಾ, ನೀವಾ? ಯಾರೆಂದು ಬರೆದುಕೊಡಿ, ಸಾಕು.”

ಅವರಿಗೆ ಸಿಟ್ಟು ಬಂತು. ಹೊರಗೆ ಕೂರಲು ಹೇಳಿದರು. ಸಂಜೆ ಅಪ್ಪನ ಬಸ್ಸು ಹೊರಡುವವರೆಗೆ ಕುಳಿತೆ. ಮರುದಿನ ಮತ್ತೆ ಅದೇ ಬಸ್ಸಿನಲ್ಲಿ ಹೋಗಿ ಅದೇ ಬೆಂಚಿನಲ್ಲಿ ಕುಳಿತೆ. ರಾತ್ರಿ ಹನ್ನೊಂದರವರೆಗೆ ರುಬ್ಬಿ, ನಸುಕಿಗೇ ಎದ್ದು ಬಸ್ಸು ಹಿಡಿಯುತ್ತಿದ್ದ ನನಗೆ ಮೂರನೆಯ ದಿನದ ಹೊತ್ತಿಗೆ ನನ್ನ ಅರ್ಜಿಯ ಒಕ್ಕಣೆಯೇ ನೆನಪಾಗಲಿಲ್ಲ. ಮೊದಲ ಸಾಲನ್ನು ನಾಲ್ಕು ಸಲ ಓದಿದೆ. ಕಾಗದದ ಮೇಲೆ ಅಕ್ಷರಗಳಿದ್ದವು, ನನ್ನ ತಲೆಯೊಳಗೆ ಒಂದೂ ಇಳಿಯಲಿಲ್ಲ. ಗೊತ್ತೈತೆ ಆದರೆ ಕೈಗೆ ಬರ್ತಿಲ್ಲ ಎಂದು ಗೆಳತಿ ಹೇಳುತ್ತಿದ್ದುದರ ಅರ್ಥ ಆ ಬೆಂಚಿನ ಮೇಲೆ, ಎಂಟು ವರ್ಷ ತಡವಾಗಿ, ನನ್ನ ಮೈಗೆ ತಿಳಿಯಿತು. ನನಗೆ ಇದು ಮೂರು ದಿನ. ಹದಿನಾರರ ಅವಳಿಗೆ ಎರಡೂವರೆ ತಿಂಗಳು. ಯಾರು ಎಷ್ಟು ಹೊತ್ತಿಗೆ ಏಳುತ್ತಾರೆಂದು ಲೆಕ್ಕವಿಟ್ಟ ಆ ಕೆಂಪು ಪುಸ್ತಕದಲ್ಲಿ, ಯಾರು ಎಷ್ಟು ಹೊತ್ತಿಗೆ ಮಲಗಿದರೆಂದು ಬರೆಯಲು ಒಂದು ಕಾಲಂ ಕೂಡ ಇರಲಿಲ್ಲ.

ಸಂಜೆ ನಾಲ್ಕಕ್ಕೆ ಗುಮಾಸ್ತರು ಮೊಹರು ಹಾಕಿದ ಪತ್ರ ತಂದುಕೊಟ್ಟರು. ಎರಡೇ ಸಾಲು: ಸದರಿ ಕಾರಣಕ್ಕೆ ಹಾಲ್ ಟಿಕೆಟ್ ತಡೆಹಿಡಿಯಲು ನಿಯಮದಲ್ಲಿ ಅವಕಾಶವಿರುವುದಿಲ್ಲ; ವಿತರಿಸತಕ್ಕದ್ದು. ಮುಖ್ಯೋಪಾಧ್ಯಾಯರು ಅದನ್ನು ಓದಿ, ಮಡಚಿ, ಹಾಲ್ ಟಿಕೆಟ್ ಬಂದಾಗ ಕಳುಹಿಸುವೆನೆಂದರು. ಕಳುಹಿಸಿದರು. ನಮ್ಮ ಕಿಟಕಿಯ ಮುಂದೆ ಸೀಟಿ ಮತ್ತೆ ಕೇಳಿಸಲಿಲ್ಲ. ಪಕ್ಕದ ಬೀದಿಯಲ್ಲಿ ಕೇಳಿಸುತ್ತಲೇ ಇತ್ತು.

ಗಣಿತದ ಪರೀಕ್ಷೆಯ ಬೆಳಿಗ್ಗೆ ಆರೂವರೆಯಾದರೂ ಗೆಳತಿ ಎದ್ದಿರಲಿಲ್ಲ. ನಾನು ಎಬ್ಬಿಸಲು ಹೋದರೆ ಅವ್ವ ಕೈ ಹಿಡಿದಳು: “ಅವಳಾಗೇ ಏಳ್ತಾಳೆ ಬಿಡು.” ಎದ್ದಳು. ಮೂರು ಗಂಟೆಯ ಪರೀಕ್ಷೆ ಮುಗಿಸಿ ಗೇಟಿನ ಹೊರಗೆ ಬಂದವಳು ನನ್ನ ಮುಂದೆ ನಿಂತು, ಕಣ್ಣನ್ನು ದೊಡ್ಡದಾಗಿ ಅರಳಿಸಿ ತೋರಿಸಿದಳು.

“ಒಂದು ಸಲಾನೂ ತೂಕಡಿಸ್ಲಿಲ್ಲ ಕಣೆ. ಟೈಮು ಉಳೀತು. ಗೋಡೆ ಮೇಲಿನ ಹಲ್ಲಿ ನೋಡ್ತಾ ಕುಂತಿದ್ದೆ.”

ಅವಳು ಪಾಸಾದಳು. ತರಬೇತಿಗೆ ಸೇರುವಾಗ ಹಳೆಯ ನಡತೆ ಪತ್ರವನ್ನೂ ಕೊಡಬೇಕಾಗಿತ್ತು. ನಾವಿಬ್ಬರೂ ಅದನ್ನು ಮುಖ್ಯೋಪಾಧ್ಯಾಯರ ಮೇಜಿನ ಮೇಲಿಟ್ಟೆವು. ಅವರು ತಾವು ಬರೆದಿದ್ದ ಮಾತನ್ನು ತುಸು ಹೊತ್ತು ನೋಡಿದರು. ಪೆನ್ನು ತೆಗೆದು ‘ನಿದ್ರಾಳು’ ಎಂಬಲ್ಲಿಂದ ಕೊನೆಯವರೆಗೆ ಒಂದು ಗೆರೆ ಎಳೆದು, ಪತ್ರವನ್ನು ನಮ್ಮ ಕಡೆಗೆ ಸರಿಸಿದರು.

“ತಿದ್ದಿದ ಕಡೆ ನಿಮ್ಮ ಸಹಿ ಬೇಕು ಸಾರ್,” ಎಂದೆ. “ಸಹಿ ಇಲ್ಲದ ತಿದ್ದುಪಡಿ ಲೆಕ್ಕಕ್ಕಿಲ್ಲ ಎಂದು ನಮಗೆ ಹೇಳಿಕೊಟ್ಟವರು ನೀವೇ.”

ಅವರು ನನ್ನನ್ನು ನೋಡಿದರು. ಪೆನ್ನಿನ ಮುಚ್ಚಳ ಆಗಲೇ ಹಾಕಿಯಾಗಿತ್ತು. ನಾನು ಕಾದೆ. ಗೆಳತಿ ಮೆಲ್ಲಗೆ, “ನಂಗೆ ಎರಡು ಗಂಟೆ ಬಸ್ಸೈತೆ ಸಾರ್,” ಎಂದಳು. ಅವರು ಮುಚ್ಚಳ ತೆಗೆದು, ಗೆರೆಯ ಪಕ್ಕದಲ್ಲಿ ಸಹಿ ಹಾಕಿ ತಾರೀಖು ಬರೆದರು.

ನಾನು ಆ ಹಳೆಯ ವರ್ಷದ ಕೆಂಪು ಪುಸ್ತಕ ಕೇಳಿದೆ. ಜವಾನ ಬೀರುವಿನ ಕೆಳಗಿನ ಖಾನೆಯಿಂದ ಧೂಳು ಕೊಡವಿ ತಂದ. ನನ್ನ ಹೆಸರಿನ ಸಾಲು ಹುಡುಕಿ, ಸಂಕ್ರಾಂತಿಯ ಮರುದಿನದ ಗುರುತಿನಿಂದ ಶುರುಮಾಡಿ ಒಂದೊಂದರ ಮೇಲೂ ಗೆರೆ ಹೊಡೆದು, ಒಂದೊಂದರ ಪಕ್ಕದಲ್ಲೂ ನನ್ನ ಸಹಿ ಹಾಕತೊಡಗಿದೆ. ಮುಖ್ಯೋಪಾಧ್ಯಾಯರು ತಡೆಯಲಿಲ್ಲ. ಬರುವ ಸಂಕ್ರಾಂತಿಗೆ ಸೀಟಿ ಊದುತ್ತಾರೋ ಇಲ್ಲವೋ ಎಂದು ಕೇಳಿದೆ; ಅವರು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡರು. ಆ ನಸುಕಿನಲ್ಲಿ ನಾನು ಬೀದಿಯಲ್ಲಿ ನಿಂತಿರುತ್ತೇನೆ, ಚಿತ್ರದುರ್ಗದ ಪತ್ರವೂ ನನ್ನ ಕೈಯಲ್ಲಿರುತ್ತದೆ ಎಂದು ತಲೆಯೆತ್ತದೆ ಹೇಳಿದೆ.

ಗುರುತುಗಳು ಇನ್ನೂ ಅರ್ಧ ಉಳಿದಿದ್ದವು. ಬಾಗಿಲಲ್ಲಿ ಟ್ರಂಕು ಹಿಡಿದು ನಿಂತಿದ್ದ ಗೆಳತಿ ಒಂದು ಸಲ ಗೋಡೆಯ ಗಡಿಯಾರ ನೋಡಿ, ಒಂದು ಸಲ ನನ್ನನ್ನು ನೋಡಿ ಹೇಳಿದಳು:

“ಬೇಗ ಬೇಗ ಹೊಡಿಯೇ, ಬಸ್ಸು ಹೋಗ್ತೈತೆ.”